1927ರ ಹಾಡಿಗೆ 'ಮೂಲ ಟೇಪ್' ಅಂತ ಮಾರಿದರು, ನಾನು ಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಎಷ್ಟೋ ವರ್ಷದಿಂದ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ, ಕೇಳುತ್ತಿರುವವನು ನಾನು. ಆದರೂ ಮೋಸ ಹೋದೆ. ಹೇಳಿಕೊಳ್ಳೋಕೆ ನಾಚಿಕೆ. ಆದರೆ ನಾನು ಕೊಂಡ ಆ ಹಾಡುಗಳ ಪ್ಯಾಕ್ ಇನ್ನೂ ಮಾರಾಟಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ಇಷ್ಟೇ. ಗೊಗ್ಗರು ದನಿಯ ಹಳೇ ಬ್ಲೂಸ್, ಒಳ್ಳೆಯ ರೆಕಾರ್ಡಿಂಗ್‌ನಲ್ಲಿ. ಎರಡೂ ಒಟ್ಟಿಗೆ ಸಿಗುವುದು ಎಷ್ಟು ಕಷ್ಟ ಅಂತ ಈ ಹುಚ್ಚು ಹತ್ತಿದವರಿಗೆ ಗೊತ್ತು. ಹಳೇ ಗಾಯಕ ಚಾರ್ಲಿ ಪ್ಯಾಟನ್‌ನ ಹೆಚ್ಚಿನ ಹಾಡುಗಳಿಗೆ ಪ್ಯಾರಾಮೌಂಟ್ ಕಂಪನಿಯವರ ಸವೆದ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳೇ ಗತಿ. ಹಾಡಿಗಿಂತ ಕರಕರ ಸದ್ದೇ ಜಾಸ್ತಿ. ಹೀಗಿರುವಾಗ ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಪ್ಯಾಟನ್, ಬ್ಲೈಂಡ್ ವಿಲ್ಲಿ ಜಾನ್ಸನ್, ಹೌಲಿನ್ ವುಲ್ಫ್, ಮೂವರು ಬ್ಲೂಸ್ ಗಾಯಕರೂ ಒಂದೇ ಪ್ಯಾಕ್‌ನಲ್ಲಿ. 24 ಬಿಟ್, 96 ಕಿಲೋಹರ್ಟ್ಸ್, ಅಂದರೆ ಸಿಡಿಗಿಂತ ಹೆಚ್ಚು ವಿವರ ಹಿಡಿಯಬಲ್ಲ ಫೈಲ್. "ಎಲ್ಲವೂ ಮೂಲ ಮಾಸ್ಟರ್ ಟೇಪ್‌ನಿಂದ." ಅಂದರೆ ಸ್ಟುಡಿಯೋದಲ್ಲಿ ಹಾಡು ಮೊದಲು ದಾಖಲಾದ ಟೇಪಿನಿಂದಲೇ. ಬೆಲೆ ಸಿಡಿಯ ನಾಲ್ಕು ಪಟ್ಟು. ಹಿಂದೆ ಮುಂದೆ ನೋಡದೆ ದುಡ್ಡು ಕಟ್ಟಿದೆ. ಕೇಳುವ ಮೊದಲೇ ಇಬ್ಬರು ಗೆಳೆಯರಿಗೆ ಲಿಂಕ್ ಬೇರೆ ಕಳಿಸಿದೆ. ಒಬ್ಬ ಕೊಂಡೂಬಿಟ್ಟ.

ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿ ಕೂತೆ. ಮೊದಲು ಜಾನ್ಸನ್. ಕರಕರ ಒಂಚೂರೂ ಇಲ್ಲ. ಆಹಾ ಅಂದುಕೊಂಡೆ. ಹಾಡು ಶುರುವಾಯಿತು. ದನಿಯೂ ಇಲ್ಲ! ಇದೆ, ಆದರೆ ಮೂಗು ಕಟ್ಟಿದವನು ಕಂಬಳಿ ಹೊದ್ದು ಹಾಡಿದ ಹಾಗಿದೆ. ಗಂಟಲು ಹರಿಯುವ ಹಾಗೆ ಹಾಡುತ್ತಿದ್ದ ಮನುಷ್ಯ ಆತ, ಅವನ ಗಂಟಲನ್ನೇ ತೆಗೆದುಹಾಕಿದ್ದಾರೆ. ಪ್ಲೇಟಿನ ಕರಕರ, ಗಂಟಲಿನ ಗೊರಗೊರ, ಎರಡೂ ಹೆಚ್ಚುಕಮ್ಮಿ ಒಂದೇ ಜಾತಿಯ ಸದ್ದು. ಸದ್ದು ಕಳೆಯುವ ಸಾಫ್ಟ್‌ವೇರನ್ನು ಕೈ ಹಿಡಿತವಿಲ್ಲದೆ ಬಿಟ್ಟರೆ ಎರಡನ್ನೂ ಒಟ್ಟಿಗೇ ಗುಡಿಸಿ ಹಾಕುತ್ತದೆ.

ವಿವರಣೆಯನ್ನು ಮತ್ತೆ ತೆರೆದು ಓದಿದೆ. "ಜಾನ್ಸನ್, 1927, ಮೂಲ ಮಾಸ್ಟರ್ ಟೇಪ್." ಕೆನ್ನೆಗೆ ರಪ್ಪನೆ ಬಿದ್ದ ಹಾಗಾಯಿತು. 1927ರಲ್ಲಿ ಟೇಪ್ ಎಲ್ಲಿತ್ತು? ಆ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಕೊಲಂಬಿಯಾ ಕಂಪನಿಯವರು ಅವನ ಹಾಡನ್ನು ನೇರವಾಗಿ ಮೇಣದ ಪ್ಲೇಟಿಗೆ ಕೊರೆದದ್ದು. ಅಮೆರಿಕದ ಸ್ಟುಡಿಯೋಗಳಿಗೆ ಟೇಪ್ ಬಂದದ್ದೇ ಎರಡನೇ ಮಹಾಯುದ್ಧ ಮುಗಿದ ಮೇಲೆ. ಇದು ನನಗೆ ಗೊತ್ತಿತ್ತು! ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ. ಜಾಹೀರಾತಿನಲ್ಲಿ ಅದೇ ಸಾಲನ್ನು ಎರಡು ಸಲ ಓದಿ, ಖುಷಿಯಾಗಿ ದುಡ್ಡು ಕೊಟ್ಟಿದ್ದೇನೆ.

ವುಲ್ಫ್ ಹಾಡುವ ಹೊತ್ತಿಗೆ ಟೇಪ್ ಇತ್ತಲ್ಲ, ಅದಾದರೂ ಚೆನ್ನಾಗಿರಬಹುದು ಅಂತ ಹಾಕಿದೆ. ನನ್ನ ಹತ್ತಿರ ಇರುವ ಮಾಮೂಲಿ ಸಿಡಿಯ ಜೊತೆ ಹೋಲಿಸಿದೆ. ಸಿಡಿಯಲ್ಲಿ ಆ ದನಿ ಎದ್ದು ಬಂದು ಕೊರಳಪಟ್ಟಿ ಹಿಡಿಯುತ್ತದೆ. ಇದರಲ್ಲಿ ಗುನುಗುವುದೂ ಕೂಗುವುದೂ ಒಂದೇ ಜೋರು. ಅನುಮಾನ ಬಂದು ಸ್ಪೆಕ್ಟ್ರಮ್, ಅಂದರೆ ತಗ್ಗಿನಿಂದ ಕೀಚಲಿನವರೆಗೆ ಯಾವ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ, ತೆಗೆದು ನೋಡಿದೆ. 96ರ ಫೈಲ್ ಅಂದರೆ ಅದರ ಅರ್ಧ, 48 ಕಿಲೋಹರ್ಟ್ಸ್‌ವರೆಗೆ ಜಾಗ ಇರುತ್ತದೆ. ಇದು 16ಕ್ಕೆ ಗೋಡೆ ಕಟ್ಟಿದ ಹಾಗೆ ನಿಂತಿದೆ. ಅಷ್ಟು ಮೇಲೆ ಹಾಡು ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಟೇಪಿನ ಸುಯ್ಯೆನ್ನುವ ಸದ್ದಾದರೂ ಮೆಲ್ಲಗೆ ಕರಗಬೇಕು ಅಲ್ವಾ? ಪ್ರತಿ ಹಾಡಿಗೂ ಅದೇ ಗೋಡೆ. 128 ಕೆಬಿಪಿಎಸ್ ಎಂಪಿ3, ಅಂದರೆ ಜಾಗ ಉಳಿಸಲು ತುಂಬಾ ಕುಗ್ಗಿಸಿದ ಫೈಲ್, ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಅದನ್ನೇ ಊದಿಸಿ ದೊಡ್ಡ ಫೈಲ್ ಮಾಡಿ ನನ್ನ ತಲೆಗೆ ಕಟ್ಟಿದ್ದಾರೆ.

ಮಾರಿದವರಿಗೆ ಬರೆದು ಕೇಳಿದೆ. ಮೊದಲ ಉತ್ತರ: "ಸರ್, ನಿಮ್ಮ ಹೆಡ್‌ಫೋನ್ ಇನ್ನೂ ಪಳಗಿಲ್ಲ. ನೂರು ಗಂಟೆ ಓಡಿಸಿ ನೋಡಿ." ಆರು ವರ್ಷದ ಹೆಡ್‌ಫೋನ್ ಸ್ವಾಮಿ ಅದು! ಸ್ಪೆಕ್ಟ್ರಮ್‌ನ ಚಿತ್ರ ಕಳಿಸಿದೆ. "ಸಂಗೀತವನ್ನು ಕಿವಿಯಲ್ಲಿ ಕೇಳಬೇಕು ಸರ್, ಕಣ್ಣಲ್ಲಿ ಅಲ್ಲ." ಈ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಿವಿಯಲ್ಲಿ ಕೇಳಿಯೇ ತಾನೇ ಅನುಮಾನ ಬಂದದ್ದು? 1927ರ ಟೇಪ್ ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಎರಡು ದಿನ ಸದ್ದಿಲ್ಲ. ಆಮೇಲೆ, "ಅದು ನಮ್ಮ ಖಾಸಗಿ ಸಂಗ್ರಹ." ಇಲ್ಲದ ಟೇಪಿನ ಖಾಸಗಿ ಸಂಗ್ರಹ! ದುಡ್ಡು ವಾಪಸ್ ಕೇಳಿದ್ದಕ್ಕೆ, "ಡೌನ್‌ಲೋಡ್ ಆದ ಮೇಲೆ ವಾಪಸ್ ಇಲ್ಲ, ನಿಯಮ ಓದಿಲ್ವಾ?" ಅಷ್ಟು ಹೊತ್ತಿಗೆ 'ಸರ್' ಕೂಡ ಬಿಟ್ಟುಹೋಗಿತ್ತು.

ಗೆಳೆಯನ ದುಡ್ಡನ್ನು ನಾನೇ ಕೊಟ್ಟೆ. ಬೇಡ ಅಂದ, ಆದರೂ ಕೊಟ್ಟೆ.

ನೀವು ಕೊಳ್ಳುವುದಾದರೆ ಮೊದಲು ಒಂದು ತುಣುಕು ಕೇಳಿಸಿ ಅನ್ನಿ. ಕೊಡದಿದ್ದರೆ ಬಿಟ್ಟುಬಿಡಿ. ಯುದ್ಧಕ್ಕೆ ಮೊದಲಿನ ಬ್ಲೂಸ್‌ಗೆ ಟೇಪ್ ಅಂದವರ ಹತ್ತಿರ ಮಾತೇ ಬೇಡ. ಕರಕರ ಸ್ವಲ್ಪ ಉಳಿದಿದೆ ಅಂತ ಒಪ್ಪಿಕೊಳ್ಳುವವರೇ ವಾಸಿ. ಒರಟು ದನಿಯೂ ಒಳ್ಳೆಯ ರೆಕಾರ್ಡಿಂಗೂ ಬೇಕಿದ್ದರೆ ಸನ್ ಹೌಸ್ ಅನ್ನುವ ಗಾಯಕ 1965ರಲ್ಲಿ ಕೊಲಂಬಿಯಾಗೆ ಹಾಡಿದ್ದು ಇದೆ. ಮಡ್ಡಿ ವಾಟರ್ಸ್‌ನ 1964ರ 'ಫೋಕ್ ಸಿಂಗರ್' ಆಲ್ಬಂ ಅಷ್ಟು ಗೊಗ್ಗರಲ್ಲ, ಆದರೆ ಆತ ಉಸಿರು ಎಳೆಯುವುದೂ ಕೇಳಿಸುತ್ತದೆ. ಮಾಮೂಲಿ ಸಿಡಿ ಸಾಕು.

ನಿನ್ನೆ ಅವರಿಂದಲೇ ಮತ್ತೊಂದು ಮೇಲ್ ಬಂತು. ಹಳೇ ಗಿರಾಕಿಗಳಿಗೆ ರಿಯಾಯಿತಿಯಂತೆ. ಈ ಸಲ ಇನ್ನೊಬ್ಬ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್, 1936, ಮೂಲ ಟೇಪ್‌ನಿಂದ. ಅದೂ ಸ್ಟೀರಿಯೋದಲ್ಲಿ.