ಬಾಕ್ಸ್ ಇಲ್ಲದೆ ಟಿವಿಗೆ ನೇರ ಕೇಬಲ್: ಕ್ವಾಮ್ ಟ್ಯೂನರ್ ಜೊತೆ ಹಲವು ವರ್ಷ

ಅಮೆರಿಕದಲ್ಲಿ 2007ರ ನಂತರ ಕೊಂಡ ಟಿವಿ ನಿಮ್ಮಲ್ಲಿದ್ದರೆ, ಅದರ ಹಿಂಬದಿಯಲ್ಲಿ ಕೇಬಲ್ ತಿರುಗಿಸಿ ಹಾಕುವ ಜಾಗದ ಒಳಗೆ ಬಹುಪಾಲು ಎರಡು ಬಗೆಯ ಡಿಜಿಟಲ್ ಟ್ಯೂನರ್ ಇರುತ್ತದೆ. ಒಂದು ಆಂಟೆನಾ ಮೂಲಕ ಬರುವ ಪ್ರಸಾರಕ್ಕೆ. ಇದು ಎಲ್ಲ ಹೊಸ ಟಿವಿಗಳಲ್ಲೂ ಇರಲೇಬೇಕೆಂದು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 2007ರ ಮಾರ್ಚ್ 1ರಿಂದ ಕಡ್ಡಾಯ ಮಾಡಿತು. ಇನ್ನೊಂದು ಕೇಬಲ್ ತಂತಿಯೊಳಗಿನ ಡಿಜಿಟಲ್ ಸಿಗ್ನಲ್ ಓದುವ ಕ್ವಾಮ್ ಟ್ಯೂನರ್. ಇದನ್ನು ಯಾರೂ ಕಡ್ಡಾಯ ಮಾಡಿರಲಿಲ್ಲ. ಆದರೂ ಹೆಚ್ಚಿನ ತಯಾರಕರು ಸೇರಿಸಿದರು. ನಾನು ವಿಮರ್ಶೆ ಬರೆಯುತ್ತಿರುವುದು ಈ ಎರಡನೆಯದರ ಬಗ್ಗೆ. ಇಷ್ಟು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ ಇದು: ಟಿವಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಟ್ಯೂನರ್. ಆದರೆ ಅದರ ಬೆಲೆ ನಿಂತಿರುವುದು ಟಿವಿಯ ಗುಣದ ಮೇಲಲ್ಲ, ಕೇಬಲ್ ಕಂಪನಿ ಯಾವ ಚಾನೆಲ್‌ಗಳನ್ನು ಎನ್‌ಕ್ರಿಪ್ಟ್ ಮಾಡದೆ, ಅಂದರೆ ತನ್ನ ಬಾಕ್ಸ್ ಇಲ್ಲದೆ ತೆರೆಯಲಾಗದಂತೆ ಬೀಗ ಹಾಕದೆ, ಬಿಟ್ಟಿದೆ ಎಂಬುದರ ಮೇಲೆ.

ನನ್ನದು ಅತ್ಯಂತ ಕೆಳಗಿನ ಬೇಸಿಕ್ ಪ್ಯಾಕ್. ಗೋಡೆಯಿಂದ ಬಂದ ತಂತಿಯನ್ನು ನೇರ ಟಿವಿಗೆ ಹಾಕಿ, ಮೆನುವಿನಲ್ಲಿ ‘ಆಂಟೆನಾ’ ಬದಲು ‘ಕೇಬಲ್’ ಆರಿಸಿ ಸ್ಕ್ಯಾನ್ ಕೊಟ್ಟರೆ ಮುಗಿಯಿತು. ಈ ಆಯ್ಕೆ ತಪ್ಪಿದರೆ ಚಾನೆಲ್‌ಗಳು ಸರಿಯಾಗಿ ಸಿಗುವುದಿಲ್ಲ. ಗಾಳಿಯಲ್ಲಿ 14ನೇ ಚಾನೆಲ್ ಇರುವುದು 470 ಮೆಗಾಹರ್ಟ್ಸ್‌ನಿಂದ, ಕೇಬಲ್‌ನಲ್ಲಿ ಅದೇ 14 ಇರುವುದು 120 ಮೆಗಾಹರ್ಟ್ಸ್‌ನಿಂದ. ಸಿಗ್ನಲ್ ಕಟ್ಟಿಕೊಡುವ ವಿಧಾನವೂ ಬೇರೆ. ಕೇಬಲ್ ಸ್ಕ್ಯಾನ್ ನಿಧಾನ, ಪ್ರತಿ ಸ್ಥಾನದಲ್ಲೂ ಟ್ಯೂನರ್ ಕೆಲವು ಕ್ಷಣ ನಿಂತು ಪರೀಕ್ಷಿಸಬೇಕು. ಅರ್ಧದಲ್ಲಿ ನಿಲ್ಲಿಸಬೇಡಿ.

ಬಂದದ್ದೇನು? ನಾನು ಹಣ ಕೊಡುತ್ತಿದ್ದ ಸ್ಥಳೀಯ ವಾಹಿನಿಗಳು, ಎಚ್‌ಡಿಯಲ್ಲಿ. ಅವುಗಳ ಜೊತೆಗೇ ಬರುವ ಉಪವಾಹಿನಿಗಳು: ದಿನವಿಡೀ ಹವಾಮಾನ, ಹಳೆಯ ಧಾರಾವಾಹಿಗಳು. ನಗರಸಭೆಯ ಸಭೆ, ಶಾಲಾ ಮಂಡಳಿಯ ಚರ್ಚೆ ತೋರಿಸುವ ಸಾರ್ವಜನಿಕ ಚಾನೆಲ್‌ಗಳು. ಚಿತ್ರವಿಲ್ಲದ ಸಂಗೀತ ವಾಹಿನಿಗಳ ಒಂದು ಸಾಲು. ಇವುಗಳ ನಡುವೆ ನನ್ನ ಪ್ಯಾಕ್‌ನ ಪಟ್ಟಿಯಲ್ಲೇ ಇಲ್ಲದ ಕೆಲವು ಚಾನೆಲ್‌ಗಳು ಕೆಲವು ದಿನ ಕಾಣಿಸಿಕೊಂಡು ಮತ್ತೆ ಮಾಯವಾಗುತ್ತಿದ್ದವು.

ಈ ಸಾರ್ವಜನಿಕ ಚಾನೆಲ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಕ್ಸ್‌ನ ಮೆನುವಿನಲ್ಲಿ ಅವು ಎಲ್ಲೋ ಮೂಲೆಯಲ್ಲಿರುತ್ತವೆ, ಹುಡುಕಿಕೊಂಡು ಹೋಗುವವರು ಕಡಿಮೆ. ಟ್ಯೂನರ್‌ನಲ್ಲಿ ಹಾಗಲ್ಲ, ಒಂದೊಂದೇ ಒತ್ತುತ್ತಾ ಹೋದಾಗ ಅವು ಎದುರಿಗೇ ಬರುತ್ತವೆ. ನಮ್ಮ ರಸ್ತೆಯ ಒಳಚರಂಡಿ ಕೆಲಸ ಯಾವಾಗ, ಗ್ರಂಥಾಲಯದ ಸಮಯ ಯಾಕೆ ಕಡಿತವಾಯಿತು ಎಂಬುದನ್ನೆಲ್ಲ ನಾನು ತಿಳಿದದ್ದು ಹಾಗೆ. ಹೊಸದಾಗಿ ಬಂದು ನೆಲೆಸಿದವರಿಗೆ ಊರಿನ ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇನ್ನು ಎಲ್ಲರೂ ಕುತೂಹಲದಿಂದ ಕೇಳುವ ವಿಷಯ. 83.4, 91.12 ಥರದ ವಿಚಿತ್ರ ಸಂಖ್ಯೆಗಳಲ್ಲಿ ಒಮ್ಮೊಮ್ಮೆ ಒಂದು ಸಿನಿಮಾ ನಡುವಿನಿಂದ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಹಿಂದಕ್ಕೆ ಓಡುತ್ತದೆ, ಅದೇ ದೃಶ್ಯ ಮತ್ತೆ ಬರುತ್ತದೆ, ಆಮೇಲೆ ಕಪ್ಪು ಪರದೆ. ಟಿವಿ ಕೆಟ್ಟಿಲ್ಲ. ಅಕ್ಕಪಕ್ಕದ ಯಾವುದೋ ಮನೆಯವರು ಬಾಕ್ಸ್‌ನಲ್ಲಿ ಬೇಡಿಕೆಯ ಮೇಲೆ ತರಿಸಿಕೊಂಡ ಸಿನಿಮಾ ಅದು. ಒಂದು ಬಡಾವಣೆಯ ನೂರಾರು ಮನೆಗಳು ಒಂದೇ ನೋಡ್‌ನಿಂದ, ಅಂದರೆ ಕಂಪನಿಯ ಒಂದೇ ವಿತರಣಾ ಕೇಂದ್ರದಿಂದ, ತಂತಿ ಹಂಚಿಕೊಳ್ಳುತ್ತವೆ. ಒಬ್ಬರು ಸಿನಿಮಾ ಕೇಳಿದಾಗ ಕಂಪನಿಯ ಯಂತ್ರ ಅದಕ್ಕೊಂದು ಖಾಲಿ ಸ್ಥಾನ ಕೊಟ್ಟು ಕಳಿಸುತ್ತದೆ. ಕೇಳಿದ ಮನೆಯ ಬಾಕ್ಸ್‌ಗೆ ಮಾತ್ರ ಆ ಸ್ಥಾನ ಯಾವುದೆಂದು ತಿಳಿಸುತ್ತದೆ. ಆದರೆ ಸಿಗ್ನಲ್ ಮಾತ್ರ ಆ ಗುಂಪಿನ ಎಲ್ಲ ಮನೆಗಳ ತಂತಿಯಲ್ಲೂ ಹರಿಯುತ್ತದೆ. ಎನ್‌ಕ್ರಿಪ್ಟ್ ಮಾಡಿರದಿದ್ದರೆ ಕ್ವಾಮ್ ಟ್ಯೂನರ್ ಅದನ್ನು ಮಾಮೂಲಿ ಚಾನೆಲ್ ಎಂದೇ ತಿಳಿದು ತೋರಿಸುತ್ತದೆ. ಅವರು ರಿಮೋಟ್‌ನಲ್ಲಿ ನಿಲ್ಲಿಸಿದರೆ ನಿಮ್ಮ ಪರದೆಯಲ್ಲೂ ನಿಲ್ಲುತ್ತದೆ.

ಪುಕ್ಕಟೆ ಸಿನಿಮಾ ಎಂದು ಇದನ್ನು ಸಂಭ್ರಮಿಸುವವರನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಯಾವ ಮನೆ ಎಂದು ಗೊತ್ತಾಗುವುದಿಲ್ಲ ನಿಜ. ಆದರೂ ಇನ್ನೊಬ್ಬರು ತಮ್ಮ ಮನೆಯ ಬಾಗಿಲು ಹಾಕಿಕೊಂಡು ನೋಡುತ್ತಿರುವುದನ್ನು ನಾವು ಇಣುಕಿ ನೋಡುವುದು ಅದು. ಮನೆಯಲ್ಲಿ ಮಕ್ಕಳಿದ್ದರಂತೂ ಯಾವ ಹೊತ್ತಿಗೆ ಯಾವ ಚಿತ್ರ ಬರುತ್ತದೆಂಬ ಖಾತ್ರಿ ಇಲ್ಲ. ಹಾಗಾಗಿ ಪ್ರತಿ ಸ್ಕ್ಯಾನ್ ಆದ ಮೇಲೆ ಆ ಸಂಖ್ಯೆಗಳನ್ನು ಪಟ್ಟಿಯಿಂದ ಅಳಿಸಿಬಿಡುವುದು ನನ್ನ ರೂಢಿಯಾಗಿತ್ತು. ಕಾನೂನಿನ ಮಾತೂ ಇದೆ: ಅನುಮತಿ ಇಲ್ಲದೆ ಕೇಬಲ್ ಸೇವೆ ಪಡೆಯುವುದನ್ನು 1984ರ ಕೇಬಲ್ ಕಾಯ್ದೆ ನಿಷೇಧಿಸುತ್ತದೆ. ಪ್ಯಾಕ್‌ಗೆ ಹಣ ಕೊಟ್ಟು ಅದರ ಚಾನೆಲ್‌ಗಳನ್ನು ಬಾಕ್ಸ್ ಇಲ್ಲದೆ ನೋಡುವುದು ಒಂದು, ಬರೀ ಇಂಟರ್ನೆಟ್‌ಗೆ ಹಣ ಕೊಟ್ಟು ಅದೇ ತಂತಿಯಲ್ಲಿ ಟಿವಿ ನೋಡುವುದು ಇನ್ನೊಂದು. ಎರಡನೆಯದನ್ನು ತಡೆಯಲೆಂದೇ ಕಂಪನಿಗಳು ಹೊರಗಿನ ಕಂಬದಲ್ಲಿ ಅಥವಾ ಪೆಟ್ಟಿಗೆಯಲ್ಲಿ ಫಿಲ್ಟರ್ ಹಾಕುವುದುಂಟು.

ಚಿತ್ರದ ಗುಣಮಟ್ಟದಲ್ಲಿ ಈ ಟ್ಯೂನರ್‌ಗೆ ಪೂರ್ತಿ ಅಂಕ. ಕೇಬಲ್‌ನ ಒಂದು 6 ಮೆಗಾಹರ್ಟ್ಸ್ ಜಾಗದಲ್ಲಿ 256 ಕ್ವಾಮ್ ಎಂಬ, ಡಿಜಿಟಲ್ ಸಿಗ್ನಲ್ಲನ್ನು ದಟ್ಟವಾಗಿ ತುಂಬುವ ವಿಧಾನ ಸೆಕೆಂಡಿಗೆ ಸುಮಾರು 38.8 ಮೆಗಾಬಿಟ್ ಹಿಡಿಸುತ್ತದೆ. ಆಂಟೆನಾ ಪ್ರಸಾರದ ಒಂದು ಪೂರ್ತಿ ವಾಹಿನಿಗೆ ಬೇಕಾದದ್ದು 19.39. ಅಂದರೆ ಎರಡು ಸ್ಥಳೀಯ ಕೇಂದ್ರಗಳನ್ನು ಹಿಂಡದೆ, ಕುಗ್ಗಿಸದೆ ಒಂದೇ ಜಾಗದಲ್ಲಿ ಕಳಿಸಬಹುದು. ನಮ್ಮಲ್ಲಿ ಹಾಗೇ ಬರುತ್ತಿತ್ತು ಎಂದು ನನ್ನ ನಂಬಿಕೆ. ಕ್ರಿಕೆಟ್ ಆಗಲಿ ಫುಟ್‌ಬಾಲ್ ಆಗಲಿ, ಹುಲ್ಲಿನ ಮೇಲೆ ಚೆಂಡು ಓಡುವಾಗ ಚಿತ್ರ ಚೌಕ ಚೌಕವಾಗಿ ಒಡೆಯುವುದಿದೆಯಲ್ಲ, ಅದು ಇಲ್ಲಿ ಅಪರೂಪ. ಆಮೇಲೆ ಕಂಪನಿ ಕೊಟ್ಟ ಪುಟ್ಟ ಬಾಕ್ಸ್ ಹೊರಹಾಕುತ್ತಿದ್ದದ್ದು ಹಳೆಯ ಮಾದರಿಯ ಚಿತ್ರ, ಅದೂ 3ನೇ ಚಾನೆಲ್ ಮೂಲಕ. ಎಚ್‌ಡಿ ಟಿವಿಯಲ್ಲಿ ಅದನ್ನು ನೋಡಿ ನಿಜಕ್ಕೂ ಬೇಸರವಾಯಿತು.

ಕೊರತೆಗಳು ಸಣ್ಣವಲ್ಲ. ಚಾನೆಲ್‌ನ ಹೆಸರು, ಸಂಖ್ಯೆ ತಿಳಿಸುವ ಮಾಹಿತಿಯನ್ನು ಕಂಪನಿ ಸಿಗ್ನಲ್ ಜೊತೆ ಕಳಿಸಿದರೆ 5.1 ಎಂಬುದು 5.1 ಆಗಿಯೇ ಕಾಣುತ್ತದೆ. ಕಳಿಸದಿದ್ದರೆ ಅದೇ ವಾಹಿನಿ 108.3 ಎಂಬ ಅರ್ಥವಿಲ್ಲದ ಸಂಖ್ಯೆಯಲ್ಲಿ ಕೂತಿರುತ್ತದೆ. ಕಾರ್ಯಕ್ರಮಗಳ ವೇಳಾಪಟ್ಟಿಯೂ ಬರುವುದಿಲ್ಲ. ಕಂಪನಿ ಒಳಗೊಳಗೇ ಸ್ಥಾನ ಬದಲಿಸಿದ ದಿನ ನೆಚ್ಚಿನ ವಾಹಿನಿ ಕಾಣೆ, ಮತ್ತೆ ಸ್ಕ್ಯಾನ್, ಮತ್ತೆ ಅಳಿಸುವ ಕೆಲಸ. ವಯಸ್ಸಾದ ತಂದೆತಾಯಿ ಇರುವ ಮನೆಯಲ್ಲಿ ಇದು ದೊಡ್ಡ ಕಿರಿಕಿರಿ. ಅವರಿಗೆ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಕೊಡಲೇಬೇಕು. ನಾನು ಕೆಲವು ಕಾಲ ಎಚ್‌ಡಿಹೋಮ್‌ರನ್ ಎಂಬ ಟ್ಯೂನರ್ ಪೆಟ್ಟಿಗೆಯನ್ನೂ ಬಳಸಿದೆ. ಅದು ತಂತಿಯ ಸಿಗ್ನಲ್ಲನ್ನು ಮನೆಯ ನೆಟ್‌ವರ್ಕ್‌ಗೆ ಕೊಡುತ್ತದೆ. ಹೆಸರುಗಳನ್ನು ಕಂಪ್ಯೂಟರ್‌ನಲ್ಲಿ ಒಮ್ಮೆ ಜೋಡಿಸಿಟ್ಟರೆ ಈ ಗೋಳು ಅರ್ಧ ಇಳಿಯುತ್ತದೆ.

ಕೆಲವು ಚಾನೆಲ್ ಬಂದು ಕೆಲವು ಬರದಿದ್ದರೆ ಟಿವಿಯನ್ನು ದೂರುವ ಮೊದಲು ತಂತಿ ನೋಡಿ. ಎರಡು ಕವಲಿನ ಸ್ಪ್ಲಿಟರ್ ಒಂದೊಂದು ಕವಲಿನಲ್ಲಿ ಸುಮಾರು 3.5 ಡೆಸಿಬಲ್ ತಿನ್ನುತ್ತದೆ. ಒಂದರ ಹಿಂದೆ ಒಂದು ಸ್ಪ್ಲಿಟರ್ ಇದ್ದರೆ ಮೊದಲು ಸಾಯುವುದು 256 ಕ್ವಾಮ್ ಚಾನೆಲ್‌ಗಳೇ. ಬೇಡದ ಸ್ಪ್ಲಿಟರ್ ತೆಗೆದು, ಖಾಲಿ ಕವಲಿಗೆ 75 ಓಮ್ ಮುಚ್ಚಳ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬೇಸಿಕ್ ಪ್ಯಾಕ್‌ನ ವಾಹಿನಿಗಳನ್ನು ಎನ್‌ಕ್ರಿಪ್ಟ್ ಮಾಡಬಾರದೆಂಬ ನಿಯಮ 1990ರ ದಶಕದಿಂದ ಇತ್ತು, ನಮ್ಮಂಥವರ ಟ್ಯೂನರ್ ನಡೆದದ್ದು ಅದರ ಆಸರೆಯಲ್ಲಿ. 2012ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಆ ನಿಯಮ ಸಡಿಲಿಸಿ, ಪೂರ್ತಿ ಡಿಜಿಟಲ್ ಆದ ಕೇಬಲ್ ಕಂಪನಿಗಳು ಬೇಸಿಕ್ ಪ್ಯಾಕನ್ನೂ ಎನ್‌ಕ್ರಿಪ್ಟ್ ಮಾಡಬಹುದು ಎಂದಿತು. ಕಂಪನಿಗಳ ವಾದ, ಸಂಪರ್ಕ ಕೊಡಲು ಕಡಿಯಲು ಮನೆ ಮನೆಗೆ ಸಿಬ್ಬಂದಿ ಕಳಿಸುವುದು ತಪ್ಪುತ್ತದೆ, ಕಳ್ಳತನ ನಿಲ್ಲುತ್ತದೆ ಎಂದು. ಬೇಸಿಕ್ ಗ್ರಾಹಕರಿಗೆ ಎರಡು ವರ್ಷ ಬಾಕ್ಸ್ ಉಚಿತವಾಗಿ ಕೊಡಬೇಕೆಂಬ ಷರತ್ತೂ ಇತ್ತು. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಎರಡು ವರ್ಷ ಮುಗಿದ ಮೇಲೆ ಏನು? ಟಿವಿಗೆ ಹಣ ಕೊಟ್ಟು, ಟ್ಯೂನರ್‌ಗೂ ಅದರಲ್ಲೇ ಹಣ ಕೊಟ್ಟು, ಪ್ಯಾಕ್‌ಗೆ ತಿಂಗಳು ತಿಂಗಳು ಹಣ ಕೊಟ್ಟವರು ಪ್ರತಿ ಟಿವಿಗೂ ಬಾಡಿಗೆ ಬಾಕ್ಸ್ ಇಟ್ಟುಕೊಳ್ಳಬೇಕಾಗುವುದು ಅನ್ಯಾಯ ಎಂದೇ ನಾನು ಈಗಲೂ ಹೇಳುತ್ತೇನೆ. ನಮ್ಮ ಕಂಪನಿಯೂ ಎನ್‌ಕ್ರಿಪ್ಟ್ ಮಾಡಿದಾಗ ಅಡುಗೆಮನೆಯ ಟಿವಿ, ಅತಿಥಿಗಳ ಕೋಣೆಯ ಟಿವಿ, ಎಲ್ಲವೂ ಒಂದೇ ದಿನ ಕುರುಡಾದವು. ಸ್ಕ್ಯಾನ್ ಮುಗಿದಾಗ ಉಳಿದದ್ದು ಕಂಪನಿಯ ಜಾಹೀರಾತು ವಾಹಿನಿ ಮಾತ್ರ.

ಹಾಗಾದರೆ ಈಗ ಯಾರಿಗೆ ಉಪಯೋಗ? ಸಣ್ಣ ಊರಿನ ಚಿಕ್ಕ ಕೇಬಲ್ ಕಂಪನಿ ಇದ್ದರೆ, ಅಥವಾ ಇಡೀ ಕಟ್ಟಡಕ್ಕೆ ಒಟ್ಟಿಗೆ ಕೇಬಲ್ ಕೊಟ್ಟಿರುವ ಹಾಸ್ಟೆಲ್, ವೃದ್ಧಾಶ್ರಮದಂಥ ಕಡೆ ಇದ್ದರೆ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಎನ್‌ಕ್ರಿಪ್ಟ್ ಆಗದ ಚಾನೆಲ್‌ಗಳು ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು. ಹೊಸ ಟಿವಿ ಕೊಳ್ಳುವವರು ವಿವರಪಟ್ಟಿಯಲ್ಲಿ ‘ಕ್ಲಿಯರ್ ಕ್ವಾಮ್’ (ಎನ್‌ಕ್ರಿಪ್ಟ್ ಆಗದ ಕೇಬಲ್ ಸಿಗ್ನಲ್ ಓದುವ ಟ್ಯೂನರ್) ಇದೆಯೇ ನೋಡಿಕೊಳ್ಳಿ. 2016ರಲ್ಲಿ ಟಿವಿ ತಯಾರಕ ವಿಜಿಯೊ ತನ್ನ ಕೆಲವು ಮಾದರಿಗಳನ್ನು ಟಿವಿ ಎನ್ನದೆ ಬರೀ ಡಿಸ್‌ಪ್ಲೇ ಎಂದು ಮಾರಿ, ಅವುಗಳಿಂದ ಟ್ಯೂನರನ್ನೇ ತೆಗೆದಿತ್ತು, ಅಂಥವುಗಳಲ್ಲಿ ನೇರವಾಗಿ ಆಂಟೆನಾ ಕೂಡ ನಡೆಯುವುದಿಲ್ಲ. ದೊಡ್ಡ ಕಂಪನಿಯ ಕೇಬಲ್ ಇರುವವರು ಸ್ಥಳೀಯ ವಾಹಿನಿಗಳಿಗಾಗಿ ಬಾಕ್ಸ್ ಬಾಡಿಗೆ ಕಟ್ಟುವ ಮೊದಲು ಕಿಟಕಿಯ ಬಳಿ ಒಂದು ಆಂಟೆನಾ ಇಟ್ಟು ಪರೀಕ್ಷಿಸಿ. ಪ್ರಸಾರ ಗೋಪುರ ಹತ್ತಿರವಿದ್ದರೆ ಅದೇ ವಾಹಿನಿಗಳು ಅದೇ ಸ್ಪಷ್ಟತೆಯಲ್ಲಿ ಬರುತ್ತವೆ. ನನ್ನ ಅಡುಗೆಮನೆಯ ಟಿವಿ ಈಗ ಓಡುತ್ತಿರುವುದು ಹಾಗೆಯೇ. ಆದರೆ ನಗರಸಭೆಯ ಚಾನೆಲ್ ಮಾತ್ರ ಆಂಟೆನಾಗೆ ನಮ್ಮಲ್ಲಿ ಸಿಗುವುದಿಲ್ಲ. ಅದಕ್ಕಾಗಿಯೇ ಬೇಸಿಕ್ ಪ್ಯಾಕ್ ಮತ್ತು ಒಂದು ಬಾಕ್ಸ್ ಉಳಿಸಿಕೊಂಡಿದ್ದೇನೆ.