ಕೆಂಡೊ, ಶಿಂಕಾಗೆ, ಕತೊರಿ: ಮೂರರಲ್ಲೂ ಕತ್ತಿ ಹಿಡಿದು ನೋಡಿದ ಮೇಲೆ

ಟೋಕಿಯೊ ಕಡೆ ಕೆಲಸಕ್ಕೆ ಬಂದ ಕನ್ನಡದ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: ಕತ್ತಿವರಸೆ ಕಲಿಯಬೇಕು, ಎಲ್ಲಿಗೆ ಸೇರಲಿ? ನಾನು ಕೆಲವು ವರ್ಷ ಕೆಂಡೊ, ಅಂದರೆ ಜಪಾನಿನ ಪಂದ್ಯದ ಕತ್ತಿವರಸೆ, ಮಾಡಿದೆ. ಯಾಗ್ಯೂ ಶಿಂಕಾಗೆ ರ್ಯೂ ಅನ್ನುವ ಹಳೆಯ ಪಂಥವನ್ನು (ರ್ಯೂ ಅಂದರೆ ಪಂಥ) ಸ್ವಲ್ಪ ಕಾಲ ಕಲಿತೆ. ಈಗ ಟೋಕಿಯೊ ಪಕ್ಕದ ಚಿಬಾದಲ್ಲಿ ಕತೊರಿ ಶಿಂತೋ ರ್ಯೂ ಅಭ್ಯಾಸ ಮಾಡುತ್ತಿದ್ದೇನೆ. ಮೂರನ್ನೂ ಅಳೆಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಕತ್ತಿ ಹುಟ್ಟಿದ್ದೇ ಕೊಲ್ಲಲು. ಎದುರಿಗಿರುವ ಜೊತೆಗಾರನಿಗೆ ಗಾಯವಾಗದಂತೆ ಅದನ್ನು ಕಲಿಯುವುದು ಹೇಗೆ? ಮೂರೂ ಇದಕ್ಕೆ ಬೇರೆ ಬೇರೆ ದಾರಿ ಹುಡುಕಿವೆ. ಕಲಿಯುವವನ ಮೈ ಮನಸ್ಸು ಹೇಗೆ ಪಳಗುತ್ತದೆ ಅನ್ನುವುದೂ ಆ ದಾರಿಯ ಮೇಲೆಯೇ ನಿಂತಿದೆ.

ಕೆಂಡೊ ಹುಡುಕಿದ ದಾರಿ ಕವಚ. ತಲೆ, ಮುಂಗೈ, ಎದೆ, ಸೊಂಟಕ್ಕೆ ರಕ್ಷಣೆ. ಕೈಯಲ್ಲಿ ನಾಲ್ಕು ಬಿದಿರಿನ ಪಟ್ಟಿ ಸೇರಿಸಿ ಕಟ್ಟಿದ ಶಿನಾಯಿ. 18ನೇ ಶತಮಾನದ ಮೊದಲ ಭಾಗದಲ್ಲಿ ನಾಗಾನುಮಾ ಕುನಿಸಾತೊ ಈ ಕವಚವನ್ನು ಸುಧಾರಿಸಿದರು. ಆಮೇಲೆ ಪೂರ್ತಿ ಬಲ ಹಾಕಿ ಹೊಡೆಯಬಹುದಾಯಿತು. ಇದರ ಲಾಭ ದೊಡ್ಡದು. ಎದುರಾಳಿ ನಿಜವಾಗಿ ನಿಮ್ಮನ್ನು ಹೊಡೆಯಲು ಬರುತ್ತಾನೆ, ನೀವೂ ಹೊಡೆಯುತ್ತೀರಿ. ಹಿಂಜರಿಕೆ ಬೇಗ ಹೋಗುತ್ತದೆ. ಕೂಗು, ಪೆಟ್ಟು, ಹೆಜ್ಜೆ ಮೂರೂ ಒಟ್ಟಿಗೆ ಬಂದರೆ ಮಾತ್ರ ಅಂಕ. ನಗರಸಭೆಯ ವ್ಯಾಯಾಮಶಾಲೆಯಲ್ಲೂ ತರಗತಿ ಸಿಗುತ್ತದೆ, ಮಕ್ಕಳಿಂದ ಎಂಬತ್ತರ ಅಜ್ಜಂದಿರವರೆಗೆ ಎಲ್ಲರೂ ಇರುತ್ತಾರೆ. ಆದರೆ ಹೊಡೆಯುವ ಜಾಗ ನಾಲ್ಕೇ: ತಲೆ, ಮಣಿಕಟ್ಟು, ಪಕ್ಕೆ, ಗಂಟಲು. ಕಾಲಿಗೆ ಬರುವ ಕತ್ತಿಯ ಬಗ್ಗೆ ಮೈ ಯೋಚಿಸುವುದನ್ನೇ ಬಿಡುತ್ತದೆ. ನನಗೆ ಅಲ್ಲೇ ಏನೋ ಕಡಿಮೆ ಅನ್ನಿಸಿತು.

ಶಿಂಕಾಗೆ ಇದಕ್ಕಿಂತ ಹಳೆಯದು. 16ನೇ ಶತಮಾನದಲ್ಲಿ ಕಾಮಿಇಜುಮಿ ನೊಬುತ್ಸುನಾ ಕಟ್ಟಿದ ಪರಂಪರೆ ಯಾಗ್ಯೂ ಮನೆತನಕ್ಕೆ ಬಂತು. ಅವರು ಕವಚ ಹಾಕಲಿಲ್ಲ, ಆಯುಧವನ್ನೇ ಮೃದು ಮಾಡಿದರು. ತುದಿಯನ್ನು ಸಣ್ಣಗೆ ಸೀಳಿದ ಬಿದಿರಿಗೆ ಚರ್ಮದ ಚೀಲ ತೊಡಿಸಿ ಅರಗಿನ ಲೇಪ ಕೊಡುತ್ತಾರೆ. ಬರಿಮೈಗೆ ಬಿದ್ದರೂ ಮೂಳೆ ಮುರಿಯುವುದಿಲ್ಲ, ಉರಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ! ಎದುರಾಳಿ ನೇರವಾಗಿ ತಲೆಗೆ ಕಡಿಯುತ್ತಾನೆ. ನೀವೂ ಅದೇ ಗೆರೆಯಲ್ಲಿ ನೇರವಾಗಿ ಕಡಿಯುತ್ತೀರಿ. ಸಮಯ ಸರಿ ಇದ್ದರೆ ನಿಮ್ಮ ಕತ್ತಿ ಅವನದರ ಮೇಲೆ ಕೂತು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಗಶ್ಶಿ ಅನ್ನುವ ಈ ಒಂದು ಪೆಟ್ಟಿಗೆ ಎಷ್ಟು ಧೈರ್ಯ ಬೇಕು ಅನ್ನುವುದು ಎದುರಿಗೆ ನಿಂತಾಗಲೇ ತಿಳಿಯುವುದು. ನಾಗೋಯಾದ ಓವಾರಿ ಶಾಖೆಯ ಯಾಗ್ಯೂ ಹ್ಯೋಗೊನೊಸುಕೆ 17ನೇ ಶತಮಾನದಲ್ಲಿ ಇನ್ನೊಂದು ಬದಲಾವಣೆ ತಂದರು. ಯುದ್ಧ ನಿಂತಿತ್ತು, ಜನ ಕವಚವಿಲ್ಲದೆ ಓಡಾಡುತ್ತಿದ್ದರು. ಹಾಗಾಗಿ ಕುಗ್ಗಿ ನಿಲ್ಲುವುದನ್ನು ಬಿಡಿಸಿ, ಸಹಜವಾಗಿ ನೆಟ್ಟಗೆ ನಿಂತು ಹೋರಾಡುವುದನ್ನು ಕಲಿಸಿದರು. ಬೆನ್ನುನೋವಿರುವ ಐಟಿ ಮಂದಿಗೆ ನಾನು ಶಿಂಕಾಗೆ ಹೇಳುವುದು ಇದೇ ಕಾರಣಕ್ಕೆ.

ಇನ್ನು ಕತೊರಿ. ನನ್ನ ಮನಸ್ಸು ನಿಂತದ್ದು ಇಲ್ಲಿ.

ತೆನ್‌ಶಿನ್ ಶೋಡೆನ್ ಕತೊರಿ ಶಿಂತೋ ರ್ಯೂ 15ನೇ ಶತಮಾನದ್ದು. ಚಿಬಾದ ಕತೊರಿ ದೇವಾಲಯದಲ್ಲಿ ಸ್ಥಾಪಕ ಇಇಜಾಸಾ ಇಯೆನಾವೊ ಸಾವಿರ ದಿನ ವ್ರತ ಹಿಡಿದು ಅಭ್ಯಾಸ ಮಾಡಿದರು, ಅಲ್ಲಿನ ದೇವರಾದ ಫುತ್ಸುನುಶಿಯಿಂದ ವಿದ್ಯೆ ಪಡೆದರು ಅನ್ನುವುದು ಪರಂಪರೆಯ ನಂಬಿಕೆ. ಮುಖ್ಯಸ್ಥಿಕೆ ಇಂದಿಗೂ ಅದೇ ಮನೆತನದಲ್ಲಿದೆ. 1960ರಲ್ಲಿ ಚಿಬಾ ಪ್ರಾಂತ್ಯ ಇದನ್ನು ತನ್ನ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಕವಚವೂ ಇಲ್ಲ, ಮೃದುವಾದ ಆಯುಧವೂ ಇಲ್ಲ. ಕೈಯಲ್ಲಿ ಗಟ್ಟಿ ಮರದ ಕತ್ತಿ, ಬಾಗು ಕಡಿಮೆ. ಕಾಪಾಡುವುದು ಕಾತಾ, ಅಂದರೆ ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡ ನಡೆಗಳ ಸರಣಿ. ಬೇರೆ ಕಡೆ ಕಾತಾ ಎರಡು ಮೂರು ನಡೆಯಲ್ಲಿ ಮುಗಿಯುವುದೇ ಜಾಸ್ತಿ. ಇಲ್ಲಿ ಮುಗಿಯುವುದೇ ಇಲ್ಲ ಅನ್ನಿಸುವಷ್ಟು ಉದ್ದ. ಮೊದಲ ಕಾತಾ ಇತ್ಸುತ್ಸು ನೊ ತಾಚಿಯಲ್ಲೇ ಉಸಿರು ಸೋಲುತ್ತದೆ. ಕವಚ ಹೊತ್ತು ರಣರಂಗದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದವರಿಗಾಗಿ ಕಟ್ಟಿದ್ದು ಇದು. ಗುರಿ ಇಡುವುದೂ ಕವಚದ ಸಂದುಗಳಿಗೆ: ಮಣಿಕಟ್ಟಿನ ಒಳಭಾಗ, ಕಂಕುಳು, ಕುತ್ತಿಗೆ, ತೊಡೆಯ ಒಳಗೆ.

ನನ್ನನ್ನು ಪೂರ್ತಿ ಸೆಳೆದ ಸಂಗತಿ ಇನ್ನೊಂದಿದೆ. ನೋಡುವವರಿಗೆ ಕತ್ತಿಗೆ ಕತ್ತಿ ತಾಗಿ ಟಕ್ ಟಕ್ ಅನ್ನುತ್ತದೆ. ಆದರೆ ಅಂತರವನ್ನು ಬೇಕೆಂದೇ ಸ್ವಲ್ಪ ಹೆಚ್ಚಿಸಿರುತ್ತಾರೆ. ಒಂದು ಹೆಜ್ಜೆ ಹತ್ತಿರವಾದರೆ ಆ ತಡೆ ತಡೆಯಾಗಿ ಉಳಿಯುವುದಿಲ್ಲ, ಎದುರಾಳಿಯ ಕೈಯನ್ನೋ ಕುತ್ತಿಗೆಯನ್ನೋ ಕಡಿಯುವ ಏಟಾಗುತ್ತದೆ. ಹೊರಗಿನವರು ನೋಡಿ ಕದಿಯದಂತೆ, ಜೊತೆಗಾರನಿಗೆ ಗಾಯವಾಗದಂತೆ, ಎರಡನ್ನೂ ಒಂದೇ ಉಪಾಯದಲ್ಲಿ ಸಾಧಿಸಿದ್ದಾರೆ. ಕುಜುಶಿ ಅನ್ನುವ ಈ ಒಳಗಿನ ಅರ್ಥವನ್ನು ಗುರುಗಳು ವರ್ಷಗಳ ನಂತರ ಬಿಡಿಸಿ ತೋರಿಸುತ್ತಾರೆ. ಅಲ್ಲಿಯವರೆಗೆ ಸಂಗೀತದ ಸರಳೆ ವರಸೆಯ ಹಾಗೆ ಅದನ್ನೇ ಮತ್ತೆ ಮತ್ತೆ ತಿದ್ದಬೇಕು. ಕೋಲು, ನಾಗಿನಾತಾ (ಉದ್ದ ಹಿಡಿಗೆ ಬಾಗಿದ ಅಲಗು ಇರುವ ಆಯುಧ), ಈಟಿಗೂ ಕಾತಾಗಳಿವೆ. ಆಗ ಹಿರಿಯರು ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತಾರೆ. ಒಂದೊಂದು ಆಯುಧಕ್ಕೂ ಕತ್ತಿ ಹೇಗೆ ಸೋಲುತ್ತದೆ ಅನ್ನುವುದು ನಿಮಗೆ ಮೈಯಲ್ಲೇ ಅರ್ಥವಾಗುತ್ತದೆ.

ಕಷ್ಟವೂ ಇದೆ. ಸೇರುವಾಗ ಬೆರಳ ರಕ್ತದಿಂದ ಮುದ್ರೆ ಒತ್ತಿ ಪ್ರತಿಜ್ಞೆ ಮಾಡುವ ಪದ್ಧತಿ ಇದೆ: ವಿದ್ಯೆಯನ್ನು ಹೊರಗೆ ಹೇಳಬಾರದು, ಬೇರೆ ಪಂಥದವರ ಜೊತೆ ಪಂದ್ಯಕ್ಕೆ ಇಳಿಯಬಾರದು, ಜೂಜಾಡಬಾರದು. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಈಗಾಗಲೇ ಸಾರ್ವಜನಿಕವಾಗಿ ಗೊತ್ತಿರುವಷ್ಟೇ. ಪಂದ್ಯವಿಲ್ಲದ ಕಾರಣ ನೀವು ಎಲ್ಲಿದ್ದೀರಿ ಎಂದು ಅಳೆದುಕೊಳ್ಳಲು ಏನೂ ಇರುವುದಿಲ್ಲ. ಕೆಂಡೊದಲ್ಲಿ ಎಂಟರವರೆಗೆ ದಾನ್ ದರ್ಜೆಗಳಿವೆ. ಎಂಟನೆಯದಕ್ಕೆ 46 ವಯಸ್ಸಾಗಿರಬೇಕು, ಆಮೇಲೂ ನೂರರಲ್ಲಿ ಒಬ್ಬರು ಪಾಸಾಗುವುದೇ ಹೆಚ್ಚು. ಆದರೂ ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಕತೊರಿಯಲ್ಲಿ ಮೊಕುರೊಕು, ಮೆಂಕ್ಯೊ, ಗೊಕುಇ ಕಾಯ್ದೆನ್ ಎಂಬ, ಕಲಿಕೆಯ ಹಂತ ಹೇಳುವ ಹಳೆಯ ಪತ್ರಗಳೇ. ಒಂದರಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ವರ್ಷ ಇಲ್ಲೇ ಇರುತ್ತೇವೆ ಅನ್ನುವ ಖಾತ್ರಿ ವೀಸಾ ಮೇಲೆ ಬದುಕುವ ನಮ್ಮಂಥವರಿಗೆ ಎಲ್ಲಿರುತ್ತದೆ, ಅಲ್ವಾ?

ಎರಡು ಮೂರು ವರ್ಷಕ್ಕೆ ಬಂದವರು ಕೆಂಡೊ ಹಿಡಿಯಿರಿ. ಊರಿಗೆ ಹೋದರೂ, ಯುರೋಪಿಗೆ ಹೋದರೂ ಅದೇ ನಿಯಮ, ಅದೇ ದರ್ಜೆ. ಒಬ್ಬನೇ ಎದುರಾಳಿಯ ಮನಸ್ಸು ಓದುವ ಆಸೆ ಇದ್ದರೆ, ನಾಗೋಯಾ ಹತ್ತಿರವಿದ್ದರೆ, ಶಿಂಕಾಗೆ. ಇಲ್ಲೇ ನೆಲೆಯೂರುವವರು, ಯಾರೂ ಚಪ್ಪಾಳೆ ತಟ್ಟದಿದ್ದರೂ ಪರವಾಗಿಲ್ಲ ಅನ್ನುವವರು ಕತೊರಿಗೆ ಬನ್ನಿ. ಸುಮ್ನೆ ನನ್ನ ಮಾತು ಕೇಳಿ ಸೇರಬೇಡಿ. ಫೆಬ್ರವರಿಯಲ್ಲಿ ಟೋಕಿಯೊದ ನಿಪ್ಪೊನ್ ಬುಡೋಕಾನ್‌ನಲ್ಲಿ ಹಳೆಯ ಪಂಥಗಳ ಪ್ರದರ್ಶನ ನಡೆಯುತ್ತದೆ. ನವೆಂಬರ್ 3ಕ್ಕೆ ಮೇಯ್ಜಿ ದೇವಾಲಯದಲ್ಲೂ ಇರುತ್ತದೆ. ಅಲ್ಲಿ ಕತ್ತಿಗಿಂತ ಕಾಲುಗಳ ಕಡೆ ಹೆಚ್ಚು ಗಮನ ಕೊಡಿ. ಆಮೇಲೆ ಡೋಜೊಗೆ, ಅಂದರೆ ಅಭ್ಯಾಸದ ಶಾಲೆಗೆ, ಪತ್ರ ಬರೆದು, ಒಂದು ದಿನ ಮೂಲೆಯಲ್ಲಿ ಕೂತು ನೋಡಲು ಅನುಮತಿ ಕೇಳಿ.