ಪ್ಯಾರಿಸ್ಸಿನ ಕಟ್ಟುಬಲೂನಿನಿಂದ ಕಾಣುವುದೇನು?

ಪ್ಯಾರಿಸ್ ನಗರವನ್ನು ಎತ್ತರದಿಂದ ನೋಡಬೇಕೆನ್ನುವವರು ಸಾಮಾನ್ಯವಾಗಿ ಐಫೆಲ್ ಗೋಪುರದ ಸಾಲಿನಲ್ಲಿ ಹೋಗಿ ನಿಲ್ಲುತ್ತಾರೆ. ನಾನೂ ಅಮ್ಮನೂ ಹಾಗೆಯೇ ನಿಂತಿದ್ದೆವು. ಎರಡು ದಿನಗಳ ನಂತರ ನಗರದ ನೈಋತ್ಯ ಮೂಲೆಯಲ್ಲಿರುವ ಆಂದ್ರೆ ಸಿತ್ರೋಯೆನ್ ಉದ್ಯಾನದ ಬಲೂನನ್ನು ಹತ್ತಿದಾಗ, ಮೊದಲು ಇಲ್ಲಿಗೇ ಬರಬೇಕಾಗಿತ್ತೆಂದು ಅನ್ನಿಸಿತು. ಗೋಪುರದ ಮೇಲೆ ನಿಂತವರಿಗೆ ಪ್ಯಾರಿಸ್ಸಿನ ಬಹುಪಾಲು ಕಾಣುತ್ತದೆ, ಆದರೆ ಗೋಪುರವೇ ಕಾಣುವುದಿಲ್ಲ. ಬಲೂನಿನಿಂದ ಅದೂ ಕಾಣುತ್ತದೆ, ಅದಕ್ಕಿಂತ ಹೆಚ್ಚಾಗಿ ಕಾಲಡಿಯ ನೆಲ ನಿಧಾನವಾಗಿ ಬಿಚ್ಚಿಕೊಳ್ಳುವುದು ಕಾಣುತ್ತದೆ. ನನ್ನ ಮಟ್ಟಿಗೆ ಟಿಕೆಟ್ಟಿನ ಹಣಕ್ಕೆ ಸಿಕ್ಕ ನಿಜವಾದ ಪ್ರತಿಫಲ ಈ ಎರಡನೆಯದು.

1999ರಿಂದ ಈ ಉದ್ಯಾನದ ದೊಡ್ಡ ಹುಲ್ಲುಹಾಸಿನ ಮೇಲಿರುವ ಈ ಬಲೂನಿನಲ್ಲಿ ಸುಮಾರು 6,000 ಘನಮೀಟರ್ ಹೀಲಿಯಂ ಅನಿಲ ತುಂಬಿದೆ. ಬಿಸಿಗಾಳಿಯ ಬಲೂನಿನಂತೆ ಇಲ್ಲಿ ಬೆಂಕಿಯಿಲ್ಲ, ಅದರ ಭೋರ್ಗರೆತವೂ ಇಲ್ಲ. ಬುಟ್ಟಿಯು ಬಳೆಯಂತೆ ದುಂಡಗಿದ್ದು, ನಡುವಿನ ಖಾಲಿ ಜಾಗದಲ್ಲಿ ಉಕ್ಕಿನ ಕೇಬಲ್ಲು ನೆಲದೊಳಗಿನ ವಿಂಚಿನವರೆಗೆ ಇಳಿಯುತ್ತದೆ. ಹೀಲಿಯಂನ ಎತ್ತುವ ಬಲ ಒಟ್ಟು ಭಾರಕ್ಕಿಂತ ಯಾವಾಗಲೂ ಹೆಚ್ಚಿರುವುದರಿಂದ ಬಲೂನನ್ನು ಮೇಲಕ್ಕೆ ಯಾರೂ ತಳ್ಳಬೇಕಾಗಿಲ್ಲ. ವಿಂಚು ಕೇಬಲ್ಲನ್ನು ಬಿಟ್ಟಂತೆ ಅದು ಏರುತ್ತದೆ, ಸುತ್ತಿಕೊಂಡಂತೆ ಇಳಿಯುತ್ತದೆ. ಒಮ್ಮೆಗೆ ಮೂವತ್ತು ಜನರವರೆಗೆ ಹತ್ತಬಹುದು, 150 ಮೀಟರ್ ಎತ್ತರಕ್ಕೆ ಹೋಗಿ ಬರಲು ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಚಾಮುಂಡಿ ಬೆಟ್ಟದ ಮೇಲಿನಿಂದ ಮೈಸೂರನ್ನು ನೋಡಿದವರು ಅದರ ಅರ್ಧದಷ್ಟು ಎತ್ತರವನ್ನು ಊಹಿಸಿಕೊಂಡರೆ ಸಾಕು. ಮನೆಗಳ ಕಿಟಕಿಯಲ್ಲಿ ಒಣಹಾಕಿದ ಬಟ್ಟೆಯೂ ದಿಗಂತವೂ ಒಟ್ಟಿಗೆ ಕಣ್ಣಿಗೆ ಸಿಗುವ ಎತ್ತರ ಅದು.

ನಾವು ಹತ್ತಿದ್ದು ಬೆಳಗಿನ ಹೊತ್ತು. ನೆಲ ಬಿಟ್ಟದ್ದು ತಿಳಿಯಲೇ ಇಲ್ಲ. ಮೊದಲು ಗಮನ ಸೆಳೆದದ್ದು ಬಲೂನಿನ ನೆರಳು: ಹುಲ್ಲಿನ ಮೇಲೆ ಕಪ್ಪಗೆ, ಅಂಚು ಸ್ಪಷ್ಟವಾಗಿ ಬಿದ್ದಿದ್ದ ಆ ದುಂಡು ನೆರಳು ನಾವು ಏರಿದಂತೆಲ್ಲ ನಮ್ಮಿಂದ ದೂರ ಸರಿಯುತ್ತ, ಅಂಚು ಮಸುಕಾಗುತ್ತ, ಹುಲ್ಲುಹಾಸನ್ನು ದಾಟಿ ನದಿಯ ಕಡೆಗೆ ಹೊರಟಿತು. "ಆ ನೆರಳು ನಮ್ಮದೇನಪ್ಪಾ?" ಎಂದು ಅಮ್ಮ ಕೇಳಿದರು. ಹೌದೆಂದಾಗ, ಉಳಿದವರೆಲ್ಲ ಗೋಪುರದ ಕಡೆ ಕ್ಯಾಮೆರಾ ತಿರುಗಿಸಿದ್ದರೂ ಅವರು ಅದನ್ನೇ ನೋಡುತ್ತ ನಿಂತರು. ಅವರ ಜೊತೆ ಕೆಳಗೆ ನೋಡಿದ್ದರಿಂದಲೇ ಉದ್ಯಾನದ ವಿನ್ಯಾಸ ನನಗೆ ಅರ್ಥವಾಯಿತು. ನೆಲದ ಮೇಲೆ ನಡೆಯುವಾಗ ಗೋಡೆ, ಮೆಟ್ಟಿಲು, ಪೊದೆಗಳ ನಡುವೆ ದಿಕ್ಕೇ ತಿಳಿಯದ ಜಾಗ ಅದು. ಮೇಲಿನಿಂದ ನೋಡಿದರೆ ಆಯತಾಕಾರದ ಹುಲ್ಲುಹಾಸು, ಅದನ್ನು ಓರೆಯಾಗಿ ಸೀಳಿಕೊಂಡು ಹೋಗುವ ನೇರ ಕಾಲುದಾರಿ, ಒಂದು ತುದಿಯಲ್ಲಿ ಎರಡು ಭಾರಿ ಗಾಜಿನ ಮನೆಗಳು, ಇನ್ನೊಂದು ತುದಿಯಲ್ಲಿ ಸೇನ್ ನದಿ, ಎಲ್ಲವೂ ಸ್ಲೇಟಿನ ಮೇಲೆ ಗೆರೆ ಎಳೆದಷ್ಟು ಸ್ಪಷ್ಟ. ಬದಿಯಲ್ಲಿ ಒಂದೊಂದಕ್ಕೂ ಬೇರೆಬೇರೆ ಬಣ್ಣದ ಗಿಡಗಳನ್ನು ಆರಿಸಿ ಬೆಳೆಸಿರುವ ಸಣ್ಣ ತೋಟಗಳು ಸಾಲಾಗಿ ಇವೆ. ಅವುಗಳ ಪಕ್ಕದಲ್ಲಿಯೇ, ಗಿಡಗಳು ತಮಗೆ ಬೇಕಾದ ಕಡೆ ಹಬ್ಬಲು ಬಿಟ್ಟಿರುವ ಒಂದು ತುಂಡು ನೆಲವಿದೆ. ತೋಟಗಾರ ಝಿಲ್ ಕ್ಲೆಮಾಂ ರೂಪಿಸಿದ ಆ ಭಾಗವು ಸುತ್ತಲಿನ ಕಟ್ಟುನಿಟ್ಟಿನ ಗೆರೆಗಳ ನಡುವೆ ಬೇಲಿ ಮುರಿದ ಹೊಲದಂತೆ ಕಾಣುತ್ತದೆ.

ಈ ನೆಲದ ಹಿಂದಿನ ಕಥೆ ಗೊತ್ತಿದ್ದರೆ ನೋಟಕ್ಕೆ ಇನ್ನಷ್ಟು ಅರ್ಥ ಬರುತ್ತದೆ. 1919ರಲ್ಲಿ ಮೊದಲ ಸಿತ್ರೋಯೆನ್ ಕಾರು ಹೊರಬಂದ ಕಾರ್ಖಾನೆ ಇಲ್ಲಿಯೇ ಇತ್ತು. 1970ರ ದಶಕದಲ್ಲಿ ಕಾರ್ಖಾನೆ ಸ್ಥಳಾಂತರಗೊಂಡ ಮೇಲೆ ಉಳಿದ ಜಾಗವನ್ನು ಉದ್ಯಾನವಾಗಿ ಮಾಡಿ 1992ರಲ್ಲಿ ತೆರೆಯಲಾಯಿತು. ಅದಕ್ಕೂ ಹಿಂದೆ ಇದು ಜಾವೆಲ್ ಎಂಬ ಹಳ್ಳಿ. ಫ್ರಾನ್ಸಿನ ಮನೆಗಳಲ್ಲಿ ನೆಲ ತೊಳೆಯಲು, ಬಟ್ಟೆ ಬಿಳುಪಾಗಿಸಲು ಬಳಸುವ ಬ್ಲೀಚಿಗೆ ಇಂದಿಗೂ 'ಜಾವೆಲ್ ನೀರು' ಎಂದೇ ಹೆಸರು, ಏಕೆಂದರೆ 18ನೆಯ ಶತಮಾನದ ಕೊನೆಯಲ್ಲಿ ರಸಾಯನಶಾಸ್ತ್ರಜ್ಞ ಬೆರ್ತೊಲೆಯ ಶೋಧವನ್ನು ಆಧರಿಸಿ ಅದು ತಯಾರಾದದ್ದು ಈ ಹಳ್ಳಿಯಲ್ಲಿ.

ಇನ್ನು ಐಫೆಲ್ ಗೋಪುರ. ಅದು ಈಶಾನ್ಯಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿದೆ, ನಡುವೆ 1970ರ ದಶಕದಲ್ಲಿ ನದಿಯ ದಂಡೆಗೆ ಎದ್ದ ನೂರು ಮೀಟರಿನಷ್ಟು ಎತ್ತರದ ವಸತಿ ಕಟ್ಟಡಗಳ ಗುಂಪೊಂದಿದೆ. ಬಲೂನು ಕೆಳಗಿರುವಾಗ ಆ ಕಟ್ಟಡಗಳೇ ಗೋಪುರವನ್ನು ಬಹುಪಾಲು ನುಂಗಿರುತ್ತವೆ. ನಾವು ಅವುಗಳ ತಾರಸಿಯ ಮಟ್ಟಕ್ಕೆ ಬಂದು, ಅದನ್ನು ದಾಟಿ ಮೇಲೇರಿದಂತೆ, ಗೋಪುರವು ಅವುಗಳ ಹಿಂದಿನಿಂದ ಅಂತಸ್ತು ಅಂತಸ್ತಾಗಿ ಎದ್ದು ಬರುತ್ತದೆ. ಅದರ ಎರಡನೆಯ ಅಂತಸ್ತು 116 ಮೀಟರ್ ಎತ್ತರದಲ್ಲಿದೆ, ಅಂದರೆ ಬಲೂನಿನ ಬುಟ್ಟಿ ಕೊನೆಗೆ ಅದಕ್ಕಿಂತಲೂ ಮೇಲಿರುತ್ತದೆ. ಎರಡು ದಿನಗಳ ಹಿಂದೆ ನಾವು ನಿಂತಿದ್ದ ಆ ಕಟಕಟೆಯನ್ನು ಇಲ್ಲಿಂದ ತುಸು ತಲೆ ತಗ್ಗಿಸಿ ನೋಡಿದೆವು. ಗೋಪುರದ ಬಲಕ್ಕೆ, ದೂರದ ಮೋಮಾರ್ತ್ರ್ ಗುಡ್ಡದ ಮೇಲೆ ಸಾಕ್ರೆ ಕರ್ ಚರ್ಚಿನ ಬಿಳಿ ಗುಮ್ಮಟ. ಇನ್ನೂ ಬಲಕ್ಕೆ ಹೊರಳಿದರೆ ಬಿಸಿಲಿಗೆ ಹೊಳೆಯುವ ಇನ್ವಾಲಿದ್‌ನ ಚಿನ್ನದ ಗುಮ್ಮಟ, ನೇರ ಪೂರ್ವಕ್ಕೆ ಮೋಪರ್ನಾಸ್‌ನ ಒಂಟಿ ಕಪ್ಪು ಕಟ್ಟಡ.

ನದಿಯ ಕಡೆ ಮಿರಾಬೊ ಸೇತುವೆಯ ಆಚೆ ಉದ್ದನೆಯ ಕಿರಿದಾದ ಹಂಸದ್ವೀಪವಿದೆ. ಅದರ ತುದಿಯಲ್ಲಿ ನಿಂತಿರುವ ಸ್ವಾತಂತ್ರ್ಯ ದೇವಿಯ ಸಣ್ಣ ಪ್ರತಿಮೆಯನ್ನು ಹುಡುಕಿ ನೋಡಬೇಕು. 1889ರಲ್ಲಿ ಸ್ಥಾಪನೆಯಾದ ಅದನ್ನು 1937ರಲ್ಲಿ ಅಮೆರಿಕದ ದಿಕ್ಕಿಗೆ, ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದ್ದರಿಂದ ಅದರ ಮುಖ ನಮ್ಮ ಕಡೆಗೇ ಇರುತ್ತದೆ. ವಾಯವ್ಯಕ್ಕೆ ಬುಲೋಞ್ ಕಾಡು, ಅದರ ಬಲಕ್ಕೆ ಲಾ ದೆಫಾನ್ಸ್‌ನ ಗಾಜಿನ ಕಟ್ಟಡಗಳು. ದಕ್ಷಿಣದ ನೋಟದಲ್ಲಿ ರಕ್ಷಣಾ ಸಚಿವಾಲಯದ ಕಟ್ಟಡ ಮತ್ತು ಹೆಲಿಕಾಪ್ಟರ್ ನಿಲ್ದಾಣವನ್ನು ಬಿಟ್ಟರೆ ಹೆಚ್ಚೇನಿಲ್ಲ, ಅಲ್ಲಿ ನಿಂತು ಸಮಯ ಕಳೆಯಬೇಡಿ.

ಉತ್ತರಕ್ಕೆ, ನದಿಯಾಚೆ ಎರಡು ಕಿಲೋಮೀಟರ್ ದೂರದ ಲಾ ಮ್ಯುಎತ್ ಪ್ರದೇಶದಲ್ಲಿ ಕಣ್ಣಿಗೆ ಕಟ್ಟುವಂಥದ್ದೇನೂ ಕಾಣುವುದಿಲ್ಲ, ಆದರೂ ನಾನು ಹೆಚ್ಚು ಹೊತ್ತು ನೋಡಿದ್ದು ಆ ದಿಕ್ಕನ್ನೇ. 1783ರ ನವೆಂಬರ್ 21ರಂದು ಪಿಲಾತ್ರ್ ದ ರೋಝಿಯೆ ಮತ್ತು ಮಾರ್ಕಿ ದಾರ್ಲಾಂದ್ ಮಾಂಗಾಲ್ಫಿಯೇ ಸಹೋದರರ ಬಲೂನಿನಲ್ಲಿ ಮೇಲೆದ್ದದ್ದು ಅಲ್ಲಿಂದ. ಹಗ್ಗದ ಹಂಗಿಲ್ಲದೆ ಮನುಷ್ಯ ಹಾರಿದ್ದು ಅದೇ ಮೊದಲು. ಅವರು ಸೇನ್ ನದಿಯನ್ನು ದಾಟಿ ಆಗ್ನೇಯದ ಗುಡ್ಡವೊಂದರಲ್ಲಿ ಇಳಿದರು. ಅದಕ್ಕೂ ಒಂದು ತಿಂಗಳ ಮೊದಲು ಪಿಲಾತ್ರ್ ಅಭ್ಯಾಸ ಮಾಡಿದ್ದು ನಮ್ಮದರಂತೆ ಹಗ್ಗ ಕಟ್ಟಿದ ಬಲೂನಿನಲ್ಲಿ. 1858ರಲ್ಲಿ ನದಾರ್ ಮೊದಲ ವೈಮಾನಿಕ ಛಾಯಾಚಿತ್ರ ತೆಗೆದದ್ದೂ ನಗರದ ಹೊರವಲಯದಲ್ಲಿ ಕಟ್ಟಿದ ಬಲೂನಿನಿಂದಲೇ. 1878ರ ವಿಶ್ವಮೇಳದ ವರ್ಷದಲ್ಲಿ ತ್ವಿಲರಿ ಉದ್ಯಾನದಿಂದ ಹೆನ್ರಿ ಗಿಫಾರ್ ಏರಿಸಿದ ಬಲೂನಂತೂ 25,000 ಘನಮೀಟರಿನದು. 2024ರ ಒಲಿಂಪಿಕ್ಸ್ ಸಮಯದಲ್ಲಿ ಅದೇ ತ್ವಿಲರಿಯಲ್ಲಿ ಪ್ರತಿ ಸಂಜೆ ಬಲೂನಿಗೆ ತೂಗಿಬಿಟ್ಟ ಜ್ಯೋತಿಯ ಉಂಗುರ ಮೇಲೇರುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದ ಅಮ್ಮನಿಗೆ ಈ ನಂಟನ್ನು ಹೇಳಿದಾಗ ಬಹಳ ಸಂತೋಷವಾಯಿತು.

ಹೋಗುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಗಾಳಿ ಜೋರಿದ್ದರೆ ಬಲೂನು ಹಾರುವುದಿಲ್ಲ. ನೆಲದಲ್ಲಿ ಎಲೆ ಅಲುಗದಿದ್ದರೂ ಮೇಲೆ ಗಾಳಿಯಿರಬಹುದು, ಆದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಕ್ಷೇಮ, ಮತ್ತು ಆ ಬಲೂನಿಗಾಗಿ ಒಂದೇ ದಿನವನ್ನು ನೆಚ್ಚಿಕೊಳ್ಳಬಾರದು. ಗಾಳಿ ಶಾಂತವಾಗಿರುವುದು ಹೆಚ್ಚಾಗಿ ಬೆಳಿಗ್ಗೆ, ಗೋಪುರದ ನಮ್ಮ ಬದಿಯ ಮೇಲೆ ಬೆಳಕು ಚೆನ್ನಾಗಿ ಬೀಳುವುದು ಸಂಜೆ. ಬುಟ್ಟಿಯ ಸುತ್ತ ರಕ್ಷಣೆಗಾಗಿ ಬಲೆ ಇರುವುದರಿಂದ ಚಿತ್ರ ತೆಗೆಯುವವರು ಅದರ ಕಣ್ಣಿನೊಳಗೆ ಲೆನ್ಸನ್ನು ಹೊಂದಿಸಿಕೊಳ್ಳಬೇಕು. ಹತ್ತಿದ ಕೂಡಲೇ ಒಂದೇ ಕಡೆ ನಿಂತುಬಿಡದೆ ಬುಟ್ಟಿಯ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ ಬರುವುದು ಒಳ್ಳೆಯದು. 2008ರಿಂದ ಈ ಬಲೂನನ್ನು ನಗರದ ಗಾಳಿಯ ಗುಣಮಟ್ಟವನ್ನು ಬಣ್ಣದಲ್ಲಿ ತೋರಿಸುವುದಕ್ಕೂ ಬಳಸುತ್ತ ಬಂದಿದ್ದಾರೆ. ಮೇಲೆ ನಿಂತಾಗ ಅದರ ಅಗತ್ಯ ಕಣ್ಣಿಗೇ ತಿಳಿಯುತ್ತದೆ: ನಾವು ಹೋದ ದಿನ ತಲೆಯ ಮೇಲಿನ ಆಕಾಶ ತಿಳಿನೀಲಿಯಾಗಿದ್ದರೂ ದಿಗಂತದ ಉದ್ದಕ್ಕೂ ಮಾಸಲು ಕಂದು ಪಟ್ಟಿಯೊಂದು ಎಳೆದಿತ್ತು, ಸಾಕ್ರೆ ಕರ್‌ನ ಬಿಳಿ ಗುಮ್ಮಟ ಅದರೊಳಗೆ ಅರ್ಧ ಮುಳುಗಿತ್ತು.

ಕೇಬಲ್ಲು ಎಳೆಯತೊಡಗಿದಾಗ ನಮ್ಮ ನೆರಳು ನದಿಯ ದಂಡೆಯ ರೈಲುಹಳಿಯ ಹತ್ತಿರ ಮಂಕಾಗಿ ಬಿದ್ದಿತ್ತು. ಇಳಿದಂತೆಲ್ಲ ಅದು ಹುಲ್ಲಿನ ಮೇಲೆ ತೆವಳಿಕೊಂಡು ಹಿಂದಿರುಗಿತು, ಅಂಚು ಮತ್ತೆ ಗಟ್ಟಿಯಾಯಿತು. ಮುಂದಿನ ಸರದಿಗೆ ಕಾದು ನಿಂತವರನ್ನು ಒಬ್ಬೊಬ್ಬರನ್ನಾಗಿ ಮುಚ್ಚಿಕೊಂಡು, ಬುಟ್ಟಿ ನೆಲ ಮುಟ್ಟುವ ಹೊತ್ತಿಗೆ ಅದು ನಮ್ಮ ಪಕ್ಕದಲ್ಲೇ ಇತ್ತು.